ಇಬ್ಬರು ಕೂತು ಮಾಡುವ ಕೆಲಸ

ಕಚೇರಿಯಲ್ಲಿ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಕ್ಕ. ಎರಡೂ ಅವಳಿಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ. ಅರ್ಧ ಆಯುಷ್ಯ ಒಂದೇ ಕೆಲಸ ಮಾಡಿದವರಿಗೆ ಕೆಲಸದ ಹೆಸರು ಅಂಟಿಕೊಳ್ಳದೆ ಇರುತ್ತದೆಯೆ?

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅದು. ಕೆಳಗೆ ಔಷಧಿ ಅಂಗಡಿ, ಮೇಲೆ ಇವರ ಕಚೇರಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಕಿರಿದಾದ ಮೆಟ್ಟಿಲು. ಬೇರೆಯವರು ಬರೆದ ಪ್ರೋಗ್ರಾಮನ್ನು ಆಸ್ಪತ್ರೆಗೆ ಕೊಡುವ ಮೊದಲು ಪರೀಕ್ಷಿಸುವುದು ಅವಳ ಕೆಲಸ. ಅದರಲ್ಲೂ ಒಂದೇ ಒಂದು ವಿಷಯ. ಒಬ್ಬ ರೋಗಿಯ ರೆಕಾರ್ಡನ್ನು ಇಬ್ಬರು ಒಂದೇ ಗಳಿಗೆಯಲ್ಲಿ ತಿದ್ದಲು ಹೊರಟರೆ ಏನಾಗುತ್ತದೆ? ಮೊದಲು ಮುಟ್ಟಿದವರ ಹೆಸರಿನಲ್ಲಿ ಡೇಟಾಬೇಸು ಆ ರೆಕಾರ್ಡಿಗೆ ಬೀಗ ಹಾಕಬೇಕು. ಎರಡನೆಯವರನ್ನು ಹೊರಗೆ ನಿಲ್ಲಿಸಬೇಕು. ಮೊದಲಿನವರು ಕೆಲಸ ಮುಗಿಸಿ ಬಿಟ್ಟ ಮೇಲೆ ಎರಡನೆಯವರನ್ನು ಒಳಗೆ ಬಿಡಬೇಕು, ಒಳಗೆ ಬಂದವರಿಗೆ ಹಳೆಯದಲ್ಲ, ಹೊಸದು ಕಾಣಬೇಕು. ಈ ಶಿಸ್ತು ತಪ್ಪಿದರೆ ಒಬ್ಬ ನರ್ಸು ಬರೆದದ್ದರ ಮೇಲೆ ಇನ್ನೊಬ್ಬಳು ಬರೆದು, ಮೊದಲಿನದು ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತದೆ. ಯಾರೂ ಅಳಿಸಿರುವುದಿಲ್ಲ, ಆದರೂ ಅಳಿಸಿರುತ್ತದೆ.

ಈ ಕೆಲಸವನ್ನು ಅವಳಿಗೆ ಕಲಿಸಿದವರು ಅವಳ ಭಾವ, ಒಡಹುಟ್ಟಿದ ಅಕ್ಕನ ಗಂಡ. ಅವಳ ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಕಿಟಕಿಯ ಪರದೆ ಸರಿಸದೆ ಕೂತಿದ್ದವಳನ್ನು ಅವರೇ ಬಂದು ಎಬ್ಬಿಸಿದರು. "ಅತ್ತಿದ್ದು ಸಾಕು, ಟೈಪಿಂಗ್ ಬರುತ್ತಲ್ಲ, ಎದ್ದು ಬಾ. ನನಗೆ ಜೊತೆಗೆ ಕೂರೋಕೆ ಒಬ್ಬರು ಬೇಕು, ಆಫೀಸಲ್ಲಿ ಇರೋರೆಲ್ಲ ಕಳ್ಳರು, ಇಣುಕಿ ನೋಡ್ತಾರೆ" ಎಂದರು.

ಇಣುಕಬಾರದು ಎನ್ನುವುದೇ ಅವರ ಮೊದಲ ಪಾಠ. ಕಚೇರಿಯ ಮೂಲೆಯಲ್ಲಿ ಎರಡು ಮೇಜು, ಒಬ್ಬರ ಬೆನ್ನಿಗೆ ಒಬ್ಬರ ಬೆನ್ನು. ಒಬ್ಬರ ಸ್ಕ್ರೀನು ಇನ್ನೊಬ್ಬರಿಗೆ ಕಾಣಕೂಡದು. ಯಾವ ರೆಕಾರ್ಡು ಮೊದಲು, ಯಾವುದು ಆಮೇಲೆ ಎಂದು ಮಾತಾಡಿಕೊಳ್ಳಕೂಡದು. ಮೂರೇ ಮಾತಿಗೆ ಅಪ್ಪಣೆ: ಹಿಡಿದೆ, ಕಾಯ್ತಿದೀನಿ, ಬಿಟ್ಟೆ. "ಮಾತಾಡಿಕೊಂಡು ಮಾಡಿದರೆ ಅದು ಪರೀಕ್ಷೆ ಅಲ್ಲ, ನಾಟಕ" ಎನ್ನುತ್ತಿದ್ದರು ಭಾವ. "ಆಸ್ಪತ್ರೇಲಿ ಮೇಲಿನ ವಾರ್ಡಿನ ನರ್ಸು ಕೆಳಗಿನವಳನ್ನ ಕೇಳಿಕೊಂಡು ಗುಂಡಿ ಒತ್ತುತ್ತಾಳಾ?"

ಹೀಗೆ ವರ್ಷಗಟ್ಟಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಹೊಸದಾಗಿ ಸೇರಿದವರಿಗೆ ಇದೊಂದು ತಮಾಷೆ. ಮೂಲೆಯಿಂದ "ಹಿಡಿದೆ" ಎಂದು ಗಂಡಸಿನ ದನಿ, "ಕಾಯ್ತಿದೀನಿ" ಎಂದು ಹೆಂಗಸಿನ ದನಿ, ಸ್ವಲ್ಪ ಹೊತ್ತು ಬಿಟ್ಟು "ಇನ್ನೂ ಎಷ್ಟು ಹೊತ್ತು ಭಾವ, ಬೇರು ಬಿಡ್ತಾ ಇದೀನಿ ಇಲ್ಲಿ!" "ನಾದಿನಿಯನ್ನ ಕಾಯಿಸೋದು ಭಾವನ ಜನ್ಮಸಿದ್ಧ ಹಕ್ಕು. ತಗೋ, ಬಿಟ್ಟೆ." ಅವಳು ಕರೆಯುವುದನ್ನು ಕೇಳಿ ಕೇಳಿ ಇಡೀ ಕಚೇರಿ ಅವರನ್ನು ಭಾವ ಎಂದೇ ಕರೆಯತೊಡಗಿತು. ಕಸ ಗುಡಿಸುವವಳು ಕೂಡ. ಅವರಿಗೆ ಅದರಲ್ಲಿ ಪರಮ ಸಂತೋಷ. "ಊರಿಗೆಲ್ಲ ನಾನೇ ಭಾವ, ಆದರೆ ಸಿಕ್ಕಿದ್ದು ಒಬ್ಬಳೇ ಹೆಂಡತಿ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಮರೆವು ಶುರುವಾದದ್ದು ಹೀಗೆ. ಒಂದು ದಿನ ಭಾವ ರೆಕಾರ್ಡೊಂದನ್ನು ಹಿಡಿದು, ಬಿಡದೆ ಎದ್ದು ಚಹಾ ಕುಡಿಯಲು ಹೋದರು. ಅದೇ ಡೇಟಾಬೇಸಿನ ಮೇಲೆ ಕೆಲಸ ಮಾಡುತ್ತಿದ್ದವರೆಲ್ಲ ಕೈಕಟ್ಟಿ ಕೂರಬೇಕಾಯಿತು. ಎಲ್ಲರೂ ನಕ್ಕರು. "ಭಾವನ ಹಿಡಿತ ಅಂದ್ರೆ ಉಡದ ಹಿಡಿತ" ಎಂದ ಪ್ರೋಗ್ರಾಂ ಬರೆಯುವ ಹುಡುಗರಲ್ಲಿ ಒಬ್ಬ. ಮತ್ತೊಮ್ಮೆ ಹಾಗೇ ಆಯಿತು. ಮೂರನೆಯ ಸಲ ಯಾರೂ ನಗಲಿಲ್ಲ. ಆಮೇಲೆ ಹಿಡಿಯಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಹಿಡಿಯುವುದು, ಹಿಡಿಯದೆಯೇ "ಬಿಟ್ಟೆ" ಎನ್ನುವುದು ನಡೆಯಿತು. ಒಂದು ಸಲ ಅವರು ಕುರ್ಚಿ ತಿರುಗಿಸಿ, ತೀರ ಸಹಜವಾಗಿ, "ನಾದಿನಿ, ಈಗ ನನ್ನ ಸರದಿ ಮೊದಲನೆಯದಾ, ಎರಡನೆಯದಾ?" ಎಂದು ಕೇಳಿದರು. ಅವಳು ಎರಡನೆಯದು ಎಂದಳು. ಇಷ್ಟು ವರ್ಷದಲ್ಲಿ ಅವರು ಕೇಳಿದ್ದೂ ಇಲ್ಲ, ಅವಳು ಹೇಳಿದ್ದೂ ಇಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದಳು. ಅಕ್ಕ ತಂತಿಯ ಮೇಲಿನ ಬಟ್ಟೆ ತೆಗೆದು ಮಂಚದ ಮೇಲೆ ರಾಶಿ ಹಾಕಿದ್ದಳು. ಇಬ್ಬರೂ ಮಡಿಸುತ್ತ ಕೂತರು. ಭಾವ ಪಕ್ಕದ ಕೋಣೆಯಲ್ಲಿ ಮಲಗಿದ್ದರು.

"ಆಫೀಸಲ್ಲಿ ಗೊತ್ತಾಯ್ತಾ?" ಅಕ್ಕ ತಲೆ ಎತ್ತದೆ ಕೇಳಿದಳು.

"ಗೊತ್ತಾಗ್ತಾ ಇದೆ."

"ಡಾಕ್ಟರು ಹೇಳಿದಾರೆ. ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಂತೆ. ಔಷಧಿ ಇದೆ, ಇಲ್ಲದ ಹಾಗೇ." ಅಂಗಿಯ ತೋಳನ್ನು ಒಳಗೆ ಮಡಿಸಿದಳು. "ಇನ್ನೊಂದು ವರ್ಷ ಕಣೆ. ಎಲ್ಲರ ಹಾಗೆ ನಿವೃತ್ತಿ ಆಗಿ ಬರಲಿ. ತಲೆ ಕೆಟ್ಟಿತು ಅಂತ ಕಳಿಸಿದ್ರು ಅನ್ನಿಸಿಕೊಂಡು ಬರೋದು ಬೇಡ. ಅಷ್ಟು ಮಾಡು. ಆ ಕುರ್ಚಿ ಇರೋವರೆಗೆ ಅವರು ಇರ್ತಾರೆ. ಆಮೇಲಿಂದು ನನಗೆ ಬಿಡು."

"ನಾನೇನು ಮಾಡೋಕಾಗುತ್ತೆ ಅಕ್ಕ?"

"ಕೂರಿಸಿಕೋ. ನಿನ್ನನ್ನ ಅವರು ಕೂರಿಸಲಿಲ್ವಾ?"

ಅವಳು ರಾಶಿಯಿಂದ ಇನ್ನೊಂದು ಬಟ್ಟೆ ಎತ್ತಿಕೊಂಡು ಮಡಿಸಿದಳು. ಆಗಲ್ಲ ಎನ್ನಬೇಕಿತ್ತು.

ಅವಳು ಮಾಡಿದ್ದು ಕಷ್ಟದ ಕೆಲಸವೇನಲ್ಲ. ಪರೀಕ್ಷೆಯ ಡೇಟಾಬೇಸಿನದೊಂದು ನಕಲು ಮಾಡಿ, ಭಾವನ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದಳು. ಅಲ್ಲಿ ಅವರು ಏನು ಒತ್ತಿದರೂ, ಎಷ್ಟು ಹೊತ್ತು ಹಿಡಿದರೂ, ಯಾರಿಗೂ ತಟ್ಟದು. ತನ್ನ ಮೇಜಿನ ಮೇಲೆ ಎರಡನೆಯದೊಂದು ಕೀಬೋರ್ಡು, ಎರಡನೆಯದೊಂದು ಸ್ಕ್ರೀನು ಇಟ್ಟುಕೊಂಡಳು. ಯಾರೋ ಕೇಳಿದ್ದಕ್ಕೆ ಕಣ್ಣಿಗೆ ಅನುಕೂಲ ಎಂದಳು. ಅಲ್ಲಿಂದ ಮುಂದೆ ಎಡಗೈ ಮೊದಲನೆಯವರು, ಬಲಗೈ ಎರಡನೆಯವರು. ಭಾವ ಹಿಂದಿನಿಂದ "ಹಿಡಿದೆ" ಎಂದರೆ ಇವಳು "ಕಾಯ್ತಿದೀನಿ" ಎನ್ನುವಳು. ಅವರು "ಬಿಟ್ಟೆ" ಎಂದರೆ "ಬಂತು" ಎನ್ನುವಳು. ಮೊದಲು ಯಾವುದನ್ನು ನಾಟಕ ಎಂದು ಅವರು ಬೈಯುತ್ತಿದ್ದರೋ ಅದೇ ದಿನವೂ ನಡೆಯಿತು, ಅವರನ್ನೇ ಕೂರಿಸಿಕೊಂಡು.

ಭಾವ ಗೆಲುವಾಗಿದ್ದರು. "ಈ ಹುಡುಗರು ಕೆಲಸ ಕಲಿತರು ಕಣೇ" ಎಂದರು ಒಮ್ಮೆ. "ಈಗೀಗ ನನ್ನ ಸ್ಕ್ರೀನು ನಿಲ್ಲೋದೇ ಇಲ್ಲ, ನೀರು ಹರಿದ ಹಾಗೆ ಹೋಗುತ್ತೆ." ಅಕ್ಕ ಫೋನು ಮಾಡಿ, "ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಿದಾರೆ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಅವಳ ಹೊಟ್ಟೆಯೂ ತಣ್ಣಗೇ ಇತ್ತು. ಕರುಣೆಯಿಂದ ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಮಾಡಿದವರಂತೂ ಇಲ್ಲವೇ ಇಲ್ಲ.

ಆ ದಿನಗಳಲ್ಲಿ ಒಂದು ದೊಡ್ಡ ಆಸ್ಪತ್ರೆಗಾಗಿ ಹೊಸದೊಂದು ವ್ಯವಸ್ಥೆ ತಯಾರಾಗುತ್ತಿತ್ತು. ರೋಗಿಗಳನ್ನು ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಆಯಾ ವಾರ್ಡಿನ ನರ್ಸೇ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ. ಅವಳು ಎರಡು ಕೈಯಲ್ಲಿ ಅದನ್ನು ದಿನಗಟ್ಟಲೆ ಪರೀಕ್ಷಿಸಿದಳು. ಎಲ್ಲ ಸರಿಯಿತ್ತು. ಪರೀಕ್ಷಿಸಿದವರು ಎಂಬಲ್ಲಿ ಇಬ್ಬರ ಹೆಸರನ್ನೂ ಹಾಕಿ ಕಳಿಸಿದಳು.

ಕೆಲವು ವಾರ ಕಳೆದ ಮೇಲೆ ಕಂಪನಿಯ ಮುಖ್ಯಸ್ಥೆ ಅವಳನ್ನು ಕರೆದಳು. ಮುಖ್ಯಸ್ಥೆ ವಯಸ್ಸಿನಲ್ಲಿ ಇವಳಿಗಿಂತ ಬಹಳ ಚಿಕ್ಕವಳು, ನ್ಯಾಯವಾದ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ.

"ಅಕ್ಕ, ಆಸ್ಪತ್ರೇಲಿ ಒಂದು ಘಟನೆ ಆಗಿದೆ. ಕೆಳಗಿನ ವಾರ್ಡಿನ ಒಬ್ಬ ಹೆಂಗಸನ್ನ ಮೇಲಿನ ವಾರ್ಡಿಗೆ, ಅಲ್ಲಿನ ಒಬ್ಬಳನ್ನ ಇವಳ ಬೆಡ್ಡಿಗೆ, ಅದಲು ಬದಲು ಮಾಡಿದಾರೆ. ಇಬ್ಬರು ನರ್ಸುಗಳೂ ಅವರವರ ಕಂಪ್ಯೂಟರಲ್ಲಿ ಹಾಕಿದೀವಿ, 'ಆಯಿತು' ಅಂತ ಬಂತು ಅಂತಾರೆ. ಆದರೆ ಮೇಲಿಂದ ಕೆಳಕ್ಕೆ ಬಂದವಳದು ಮಾತ್ರ ದಾಖಲಾಗಿದೆ. ಕೆಳಗಿಂದ ಮೇಲಕ್ಕೆ ಹೋದವಳ ಹಳೆ ಬೆಡ್ಡು ಇನ್ನೊಬ್ಬಳ ಹೆಸರಿಗೆ ಹೋಗಿದೆ, ಅವಳಿಗೆ ಎಲ್ಲೂ ಬೆಡ್ಡೇ ಇಲ್ಲ. ಬೆಡ್ಡಿಲ್ಲದ ರೋಗಿ ಅಂದ್ರೆ ನಮ್ಮ ಪ್ರೋಗ್ರಾಮಿನ ಲೆಕ್ಕದಲ್ಲಿ ಮನೆಗೆ ಹೋದ ಹಾಗೆ."

"ಔಷಧಿ?"

"ಔಷಧಿ, ಊಟ ಎಲ್ಲ ಸರಿಯಾಗಿ ಕೊಟ್ಟಿದಾರೆ. ಕಣ್ಣೆದುರಿಗೇ ಮಲಗಿದ್ಲಲ್ಲ. ಆದರೆ ಆಕೆಯ ತಮ್ಮ ಬಂದಿದ್ದಾನೆ ನೋಡೋಕೆ. ರಿಸೆಪ್ಷನ್ನಿನವಳು ಕಂಪ್ಯೂಟರ್ ನೋಡಿ, ಬಿಡುಗಡೆ ಆಗಿ ಮನೆಗೆ ಹೋದ್ರು ಅಂದಿದ್ದಾಳೆ. ಅವನು ಖುಷಿಯಿಂದ ಅಕ್ಕನ ಮನೆಗೆ ಹೋದ. ಬಾಗಿಲಿಗೆ ಬೀಗ. ಅಂಗಡಿಗೋ ಎಲ್ಲಿಗೋ ಹೋಗಿರಬೇಕು ಅಂತ ಜಗಲಿ ಮೇಲೆ ಕೂತು ಕಾದಿದ್ದಾನೆ. ಸಂಜೆ ಹೊತ್ತಿಗೆ ಆಸ್ಪತ್ರೆಯವರೇ ಫೋನ್ ಮಾಡಿದ್ರು, ತೀರಿಕೊಂಡ್ರು ಅಂತ."

ಅವಳು, "ತಮ್ಮ ದೂರದಿಂದ ಬಂದಿದ್ದನಾ?" ಎಂದಳು.

"ಒಂದು ದಿನದ ಪ್ರಯಾಣ. ಆಕೆ ಬೆಳಗಿಂದ ಕೇಳ್ತಾ ಇದ್ದಳಂತೆ, ಬಂದನಾ, ಬಂದನಾ ಅಂತ." ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಕೆಳಗಿನ ವಾರ್ಡಿನ ನರ್ಸು ಸರಿಯಾಗಿ ಒತ್ತಿಲ್ಲ ಅಂತ ಆಸ್ಪತ್ರೆಯವರು ಅವಳನ್ನ ಮನೇಲಿ ಕೂರಿಸಿದಾರೆ. ನಮ್ಮ ಹುಡುಗರೂ ಅದನ್ನೇ ಹೇಳ್ತಾರೆ. ನನಗೆ ನಿಮ್ಮ ಮಾತು ಬೇಕು. ನೀವಿಬ್ಬರೂ ನೋಡಿ ಹೇಳಿ."

ನೀವಿಬ್ಬರೂ ಎಂದಳು.

ಅವಳು ಮೇಜಿಗೆ ಬಂದು ಎರಡು ಕೈಯಲ್ಲೂ ಅದೇ ಅದಲು ಬದಲನ್ನು ಮಾಡಿದಳು. ಸರಿಯಾಗಿ ಆಯಿತು. ಬೇಗ ಮಾಡಿದಳು, ನಿಧಾನಕ್ಕೆ ಮಾಡಿದಳು. ಎಡಗೈ ಮೊದಲು, ಬಲಗೈ ಮೊದಲು. ಪ್ರತಿ ಸಲವೂ ಒಂದು ಕೈ ಹಿಡಿಯಿತು, ಇನ್ನೊಂದು ಕೈ ಕಾಯಿತು, ಇಬ್ಬರು ರೋಗಿಗಳೂ ತಮ್ಮ ತಮ್ಮ ಬೆಡ್ಡಿಗೆ ಹೋದರು. ಮಧ್ಯಾಹ್ನದವರೆಗೆ ಹೀಗೇ ಕಳೆಯಿತು. ನರ್ಸಿನದೇ ತಪ್ಪು ಎಂದು ಹೇಳಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಬೆನ್ನ ಹಿಂದೆ ಭಾವ ಏನನ್ನೋ ಗುನುಗುತ್ತ, ಯಾವುದೂ ಯಾರಿಗೂ ಮುಟ್ಟದ ಆ ನಕಲಿನ ಮೇಲೆ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದರು. ಗುಂಡಿ ಒತ್ತುವ ಸದ್ದು ಅವಳ ಕಿವಿಗೆ ಬೀಳುತ್ತಲೇ ಇತ್ತು.

ಊಟಕ್ಕೆ ಅವರು ಎದ್ದು ಹೋದಾಗ ಅವರ ಕಂಪ್ಯೂಟರನ್ನು ನಕಲಿನಿಂದ ಬಿಡಿಸಿ ನಿಜವಾದ ಪರೀಕ್ಷೆಯ ಡೇಟಾಬೇಸಿಗೆ ಜೋಡಿಸಿದಳು. ಅವರು ಬಂದು ಕೂತ ಮೇಲೆ, "ಭಾವ, ಒಂದು ಅದಲು ಬದಲು ಮಾಡೋಣ. ನಾನು ಕೆಳಗಿನ ವಾರ್ಡು, ನೀವು ಮೇಲಿನ ವಾರ್ಡು. ಮೊದಲು ಕೆಳಗಿನ ಬೆಡ್ ಹಿಡೀರಿ, ಆಮೇಲೆ ಮೇಲಿನದು" ಎಂದಳು.

"ಅಷ್ಟೆಲ್ಲ ಹೇಳಿಕೊಡಬೇಡ ನನಗೆ. ಗುರುವಿಗೇ ತಿರುಮಂತ್ರ!" ಎಂದರು ಭಾವ.

ಅವಳು ಕೆಳಗಿನ ಬೆಡ್ ಹಿಡಿದು "ಹಿಡಿದೆ" ಎಂದಳು.

ಹಿಂದಿನಿಂದಲೂ "ಹಿಡಿದೆ" ಎಂದು ಬಂತು. ಬರಬಾರದಿತ್ತು. ಅವರು ಕಾಯಬೇಕಿತ್ತು.

ಅವಳು ಮೇಲಿನ ಬೆಡ್ ಕೇಳಿದಳು. ಸ್ಕ್ರೀನು ನಿಂತಿತು. "ಕಾಯ್ತಿದೀನಿ."

"ನಾನೂ ಕಾಯ್ತಿದೀನಿ" ಎಂದರು ಭಾವ. ಮರುಕ್ಷಣವೇ ಕುರ್ಚಿ ಕಿರುಗುಟ್ಟುವಂತೆ ತಿರುಗಿ, "ಗಂಟು! ನಾದಿನಿ, ಗಂಟು ಬಿತ್ತು!" ಎಂದು ಕೂಗಿದರು.

ಗಂಟು ಎಂಬುದು ಅವರಿಬ್ಬರ ಮಾತು. ಒಬ್ಬಳ ಕೈಯಲ್ಲಿ ಸೂಜಿ, ಇನ್ನೊಬ್ಬಳ ಕೈಯಲ್ಲಿ ದಾರ. ದಾರ ಕೊಡು ಎಂದರೆ ಸೂಜಿ ಕೊಡು ಎನ್ನುತ್ತಾಳೆ, ಇಬ್ಬರೂ ಬಿಡುವುದಿಲ್ಲ. ಭಾವ ಅವಳು ಹೇಳಿದ್ದನ್ನು ಮರೆತು, ಮೇಲಿನ ವಾರ್ಡಿನವರಾದ್ದರಿಂದ ಮೇಲಿನ ಬೆಡ್ಡನ್ನೇ ಮೊದಲು ಹಿಡಿದಿದ್ದರು. ಯಾವ ನರ್ಸಾದರೂ ಹಾಗೇ ಮಾಡುತ್ತಾಳೆ, ತನ್ನ ವಾರ್ಡಿನಿಂದಲೇ ಶುರುಮಾಡುತ್ತಾಳೆ. ಇಂಥ ಗಂಟು ಬಿದ್ದಾಗ ಡೇಟಾಬೇಸು ಇಬ್ಬರಲ್ಲಿ ಒಬ್ಬರ ಕೆಲಸವನ್ನು ಕಿತ್ತೆಸೆದು ಇನ್ನೊಬ್ಬರಿಗೆ ದಾರಿ ಮಾಡುತ್ತದೆ. ಅದು ತಪ್ಪಲ್ಲ. ಕಿತ್ತೆಸೆಯಲ್ಪಟ್ಟವರಿಗೆ 'ಆಗಲಿಲ್ಲ, ಮತ್ತೆ ಮಾಡಿ' ಎಂದು ಪ್ರೋಗ್ರಾಂ ತಿಳಿಸಬೇಕು. ಈಗ ಕಿತ್ತೆಸೆದದ್ದು ಅವಳ ಕೆಲಸವನ್ನು, ಆದರೂ ಅವಳ ಸ್ಕ್ರೀನಿನ ಮೇಲೆ 'ಆಯಿತು' ಎಂದು ಬಂದಿತ್ತು. ಕೆಳಗಿನ ವಾರ್ಡಿನ ಆ ನರ್ಸೂ ಇದನ್ನೇ ಓದಿ, ನಂಬಿ, ಮುಂದಿನ ರೋಗಿಯ ಕಡೆ ಹೋಗಿದ್ದಳು.

ಅವಳಿಗೆ ಗಂಟು ಗೊತ್ತಿರಲಿಲ್ಲವೆಂದಲ್ಲ. ಆದರೆ ಕೈ ಎರಡಾದರೂ ತಲೆ ಒಂದೇ. ಕೆಳಗಿನದು ಮೊದಲು, ಮೇಲಿನದು ಆಮೇಲೆ ಎಂದು ಆ ತಲೆ ಮೊದಲ ದಿನವೇ ತೀರ್ಮಾನಿಸಿತ್ತು. ಎರಡು ಕೈಯೂ ಅದನ್ನು ಪಾಲಿಸಿದವು. ತನಗೆ ತಾನೇ ಅಡ್ಡ ಬರುವುದು ಮನುಷ್ಯರಿಗೆ ಅಷ್ಟು ಸುಲಭವಲ್ಲ. ಮರೆವಿನ ಭಾವ, ಸರದಿ ತಿಳಿಯದ ಭಾವ, ಬಿಡುವುದನ್ನೇ ಮರೆಯುವ ಭಾವ ಆ ಪರೀಕ್ಷೆಯ ದಿನಗಳಲ್ಲಿ ಆ ಕುರ್ಚಿಯಲ್ಲಿ ನಿಜವಾಗಿ ಕೂತಿದ್ದರೆ ಈ ತಪ್ಪು ಮೊದಲ ಸಲಕ್ಕೇ ಸಿಕ್ಕಿಬೀಳುತ್ತಿತ್ತು. ಅವರನ್ನು ಉಳಿಸಿಕೊಳ್ಳುತ್ತೇನೆಂದು ಅವಳೇ ಅವರನ್ನು ಅಲ್ಲಿಂದ ಎತ್ತಿ ಹೊರಗಿಟ್ಟಿದ್ದಳು.

ಭಾವ ಇನ್ನೂ ನಗುತ್ತಿದ್ದರು. "ಎಷ್ಟು ದಿನ ಆಯ್ತು ನನ್ನ ಸ್ಕ್ರೀನು ನಿಂತು!" ಎಂದರು. ಹೇಳುತ್ತ ಹೇಳುತ್ತ ನಗು ನಿಂತಿತು. ಅವಳ ಮೇಜಿನ ಮೇಲಿನ ಎರಡು ಕೀಬೋರ್ಡುಗಳನ್ನು ನೋಡಿದರು. ಪ್ರತಿದಿನ ಕಾಣುತ್ತಿದ್ದದ್ದೇ, ನೋಡಿರಲಿಲ್ಲ.

"ಎಷ್ಟು ದಿನ ಆಯ್ತು?" ಈ ಸಲ ಅದು ಪ್ರಶ್ನೆ. "ಇಷ್ಟು ದಿನ ನಾನು ಒತ್ತಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು?"

ಸುಳ್ಳು ಹೇಳಬಹುದಿತ್ತು. ಅರ್ಧ ಗಂಟೆಯಲ್ಲಿ ಅವರು ಮರೆಯುತ್ತಿದ್ದರು. ಅವಳು ಹೇಳಿದಳು: ನಕಲು ಮಾಡಿದ್ದು, ಎಡಗೈ ಬಲಗೈ, ಅಕ್ಕ ಕೇಳಿಕೊಂಡದ್ದು. ಆಸ್ಪತ್ರೆಯ ಹೆಂಗಸಿನ ವಿಷಯವನ್ನೂ, ಜಗಲಿಯ ಮೇಲೆ ಕೂತ ತಮ್ಮನ ವಿಷಯವನ್ನೂ ಹೇಳಿದಳು. ಭಾವ ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಕೀಬೋರ್ಡನ್ನು ಮೇಜಿನ ಅಂಚಿನಿಂದ ಸ್ವಲ್ಪ ಒಳಗೆ ಸರಿಸಿ ಎದ್ದರು.

"ಬಾ" ಎಂದರು. ಮುಖ್ಯಸ್ಥೆಯ ಕೋಣೆಗೆ ಅವರೇ ಮುಂದಾಗಿ ನಡೆದರು.

"ಮೇಡಂ, ನರ್ಸಿಂದೇನೂ ತಪ್ಪಿಲ್ಲ. ಈ ತಪ್ಪು ಹಿಡಿಯೋಕೆ ಇಬ್ಬರು ಬೇಕಿತ್ತು, ಇವಳು ಒಬ್ಬಳೇ ಮಾಡಿದ್ಲು. ಎರಡನೆಯವನ ತಲೆ ನೆಟ್ಟಗಿಲ್ಲ, ಅದನ್ನ ಮುಚ್ಚಿಡೋಕೆ ಮಾಡಿದ್ಲು. ಎರಡನೆಯವನು ನಾನು."

ಮುಖ್ಯಸ್ಥೆ ಇಬ್ಬರ ಮುಖವನ್ನೂ ನೋಡಿದಳು. ಕೋಪ ಬಂದಿತ್ತು, ಅದು ಕಾಣುತ್ತಿತ್ತು. ಆದರೂ ಹೇಳಿದಳು: "ಭಾವ, ಇವತ್ತು ಹಿಡಿದವರು ನೀವೇ ತಾನೇ? ನಿವೃತ್ತಿವರೆಗೂ ಇದ್ದುಬಿಡಿ. ಎರಡನೆಯವರು ಅಂತ ಒಬ್ಬರು ಬೇಕಲ್ಲ."

"ಇವತ್ತು ತಲೆಕೆಳಗಾಗಿ ಒತ್ತಿ ಗೆದ್ದೆ. ನಾಳೆ ಒತ್ತೋದನ್ನೇ ಮರೀತೀನಿ. ಆಗ ಇವಳು ಮತ್ತೆ ಎರಡು ಕೈಯಲ್ಲಿ ಶುರು ಮಾಡ್ತಾಳೆ, ನನಗೆ ಗೊತ್ತು ಇವಳ ಬುದ್ಧಿ" ಎಂದರು ಭಾವ. "ನಾನು ಇನ್ನು ಬರಲ್ಲ."

ಅಂದು ಸಂಜೆ ಅವಳೇ ಅವರನ್ನು ಮನೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದಳು. ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು. "ಕೇಳಿದ್ದು ಒಂದೇ ಒಂದು" ಎಂದು ಒಳಗೆ ಹೋದಳು. ಕುಡಿಯಲು ನೀರು ಬೇಕಾ ಎಂದು ಸಹ ಕೇಳಲಿಲ್ಲ.

ಕಚೇರಿಯಲ್ಲಿ ಪ್ರೋಗ್ರಾಂ ತಿದ್ದಿದರು. ಆಸ್ಪತ್ರೆಯವರು ನರ್ಸನ್ನು ಮತ್ತೆ ಕರೆಸಿಕೊಂಡರು. ಸತ್ತವಳ ತಮ್ಮನಿಗೆ ವಿಷಾದ ತಿಳಿಸಿದರಂತೆ. ಅವನು ಏನೆಂದನೋ ಗೊತ್ತಿಲ್ಲ. ಇವಳನ್ನು ಕೆಲಸದಿಂದ ತೆಗೆಯಲಿಲ್ಲ. ಬೆನ್ನ ಹಿಂದೆ ಬೇರೊಬ್ಬರನ್ನು ಕೂರಿಸಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಭಾವ ಕೆಲಸ ಬಿಟ್ಟ ಮಾರನೆಯ ದಿನ ಬೆಳಗ್ಗೆಯೇ ಅಕ್ಕನ ಫೋನು ಬಂದಿತ್ತು. "ಬೂಟು ಹಾಕಿಕೊಂಡು ನಿಂತಿದಾರೆ. ನನ್ನ ಮಾತು ಕೇಳ್ತಿಲ್ಲ. ನೀನು ಮಾಡಿದ್ದು, ನೀನೇ ಬಂದು ಹೇಳು."

ಹೋದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ್ತಿಲ ಬಳಿ ನಿಂತಿದ್ದರು. "ನೋಡು ನಾದಿನಿ, ನಿನ್ನ ಅಕ್ಕನಿಗೆ ಏನೋ ಆಗಿದೆ, ಆಫೀಸಿಲ್ಲ ಅಂತಾಳೆ."

ಅಕ್ಕ ಅವಳನ್ನು ಒಳಗೆ ಎಳೆದು, "ರಜೆ ಅಂದ್ಬಿಡು" ಎಂದಳು.

"ಎಷ್ಟು ದಿನ ಅಂತ ಅನ್ನೋದು?"

"ಆದಷ್ಟು ದಿನ! ನಿನಗೇನು, ಹೇಳಿ ಹೋಗ್ತೀಯ. ಮುಖ ನೋಡೋಳು ನಾನು."

ಅವಳು ಹೊರಗೆ ಬಂದು ಭಾವನನ್ನು ಕುರ್ಚಿಯ ಮೇಲೆ ಕೂರಿಸಿ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಅವರು ಮೊದಲ ಸಲ ಕೇಳುವವರಂತೆ ಕೇಳಿದರು. ಅವರಿಗೆ ಅದು ಮೊದಲ ಸಲವೇ. ಸತ್ತವಳ ತಮ್ಮ ಜಗಲಿಯ ಮೇಲೆ ಕಾದ ಮಾತು ಬಂದಾಗ ಅವರ ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು. "ಹಾಗಾದ್ರೆ ನಾನು ಬರೋದು ಸರಿಯಲ್ಲ ಕಣೇ. ನಾನು ಬರಲ್ಲ ಅಂತ ಹೇಳಿಬಿಡು" ಎಂದು ಬಗ್ಗಿ ತಾವೇ ಬೂಟಿನ ದಾರ ಬಿಚ್ಚಿದರು.

ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ, "ದಿನಾ ಒಂದು ಸಲ ಕೊಲ್ತಾಳೆ" ಎಂದು ಕೇಳಿಸುವಂತೆ ಹೇಳಿದಳು. ಇರಬಹುದು. ಆದರೆ ಪ್ರತಿದಿನವೂ ಭಾವ ಎಲ್ಲವನ್ನೂ ಕೇಳಿ, ತೂಗಿ, ಅದೇ ತೀರ್ಮಾನಕ್ಕೆ ಬಂದರು. ಒಂದು ದಿನವಾದರೂ ಬೇರೆ ತೀರ್ಮಾನಕ್ಕೆ ಬರಲಿಲ್ಲ. ರಜೆ ಎಂದಿದ್ದರೆ ಬೂಟು ಬಿಚ್ಚುವ ತೀರ್ಮಾನ ಅವರದಾಗಿರುತ್ತಿರಲಿಲ್ಲ. ಇದನ್ನು ಅಕ್ಕನಿಗೆ ವಿವರಿಸಲು ಅವಳು ಹೋಗಲಿಲ್ಲ. ವಿವರಿಸಿ ಗೆಲ್ಲುವ ಮಾತಲ್ಲ ಅದು.

ಹೀಗೆ ಎಷ್ಟು ಬೆಳಗಾಯಿತೋ. ಒಂದು ದಿನ ಅವಳು ಹೋದಾಗ ಭಾವ ಮಂಚದ ಮೇಲೆ ಕಾಲು ಚಾಚಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂಗಿಯ ಗುಂಡಿ ಹಾಕಿರಲಿಲ್ಲ. ಬೂಟು ಬಾಗಿಲ ಪಕ್ಕದಲ್ಲೇ ಇತ್ತು. ಅದರ ಕಡೆ ಅವರ ಗಮನವಿರಲಿಲ್ಲ. ಅವಳನ್ನು ಕಂಡು ಮುಗುಳ್ನಕ್ಕರು. ಮನೆಗೆ ಬಂದ ಯಾರನ್ನಾದರೂ ಕಂಡಾಗ ನಗುವ ನಗು.

"ಇವತ್ತು ಎದ್ದಾಗಿನಿಂದ ಆಫೀಸು ಅನ್ನಲೇ ಇಲ್ಲ" ಎಂದಳು ಅಕ್ಕ. ಎಷ್ಟೋ ದಿನದ ಮೇಲೆ ಅವಳ ದನಿ ಮೆತ್ತಗಾಗಿತ್ತು. "ಕೂತ್ಕೋ. ಚಹಾ ಮಾಡ್ತೀನಿ."

ಅವಳು ಮಂಚದ ಎದುರಿನ ಕುರ್ಚಿಯಲ್ಲಿ ಕೂತಳು. ಭಾವ ಆಫೀಸಿನ ವಿಷಯ ಎತ್ತಲಿಲ್ಲ. ಅವಳಿಗೆ ಹೇಳುವ ಪ್ರಮೇಯವೇ ಬರಲಿಲ್ಲ. ಅಕ್ಕ ತಂದುಕೊಟ್ಟ ಚಹಾವನ್ನು ಕುಡಿದು, ಲೋಟ ತೊಳೆದಿಟ್ಟು, ಕಚೇರಿಗೆ ಹೊರಟಳು.